ಕೆರೆಯ ಸುತ್ತ 30 ಮೀಟರ್: ಕ್ಯೂಜಿಐಎಸ್‌ನಲ್ಲಿ ನಕ್ಷೆ ಮಾಡುವ ಬಗೆ

ಬೆಂಗಳೂರಿನ ಅಗರ ಕೆರೆಯೋ ಮಡಿವಾಳ ಕೆರೆಯೋ, ಸುತ್ತ 30 ಮೀಟರ್ ಪಟ್ಟಿ ಎಳೆದು ಕನ್ನಡದಲ್ಲಿ ಹೆಸರು ಬರೆದ ನಕ್ಷೆ ಬೇಕೆಂದರೆ ಒಂದು ರೂಪಾಯಿಯೂ ಖರ್ಚಿಲ್ಲ. ಕ್ಯೂಜಿಐಎಸ್‌ ತಂತ್ರಾಂಶದ ಎಲ್‌ಟಿಆರ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ ಇಳಿಸಿಕೊಳ್ಳಿ. ತೀರಾ ಹೊಸದರಲ್ಲಿ ಕೆಲವು ಪ್ಲಗಿನ್‌ಗಳು (ಹೆಚ್ಚುವರಿ ಸಾಧನಗಳು) ಕೈಕೊಡುವುದುಂಟು.

ಬ್ರೌಸರ್ ಪ್ಯಾನೆಲ್‌ನ ಎಕ್ಸ್‌ವೈಝಡ್ ಟೈಲ್ಸ್ ಅಡಿಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ (ಸ್ವಯಂಸೇವಕರು ಕಟ್ಟಿದ ಮುಕ್ತ ನಕ್ಷೆ) ಇರುತ್ತದೆ. ಅದನ್ನು ತೆರೆದು ಕೆರೆಯ ಹತ್ತಿರಕ್ಕೆ ಝೂಮ್ ಮಾಡಿ. ಆ ನಕ್ಷೆಯ ದತ್ತಾಂಶ ತರುವ ಕ್ವಿಕ್‌ಒಎಸ್‌ಎಂ ಪ್ಲಗಿನ್ ಹಾಕಿಕೊಂಡು, ಕೀ ಜಾಗದಲ್ಲಿ ನ್ಯಾಚುರಲ್, ವ್ಯಾಲ್ಯೂ ಜಾಗದಲ್ಲಿ ವಾಟರ್ ಆರಿಸಿ, ಪರದೆಯಲ್ಲಿ ಕಾಣುವಷ್ಟು ಜಾಗಕ್ಕೆ ಮಾತ್ರ ಕೇಳಿ. ಇಡೀ ರಾಜ್ಯ ಕೇಳಿದರೆ ಸರ್ವರ್ ಟೈಮ್‌ಔಟ್ ಆದೀತು. ಬಂದ ಲೇಯರ್ (ನಕ್ಷೆಯ ಪದರ) ತಾತ್ಕಾಲಿಕ; ಕೂಡಲೇ ಜಿಯೋಪ್ಯಾಕೇಜ್ ಕಡತವಾಗಿ ಉಳಿಸಿ. ಶೇಪ್‌ಫೈಲ್ ಬೇಡ, ಅದು ಕಾಲಂ ಹೆಸರನ್ನು 10 ಅಕ್ಷರಕ್ಕೆ ಕತ್ತರಿಸುತ್ತದೆ.

ಹೆಚ್ಚಿನವರು ಎಡವುವುದು ಇನ್ನು ಮುಂದೆ. ಪ್ರತಿ ನಿರ್ದೇಶಾಂಕ ಪದ್ಧತಿಗೂ (ಸಿಆರ್‌ಎಸ್) ಒಂದು ಇಪಿಎಸ್‌ಜಿ ಸಂಖ್ಯೆ ಇದೆ. ಬಂದ ದತ್ತಾಂಶ ಇಪಿಎಸ್‌ಜಿ 4326ರಲ್ಲಿ, ಅಂದರೆ ಡಿಗ್ರಿಯಲ್ಲಿದೆ. ಅದರ ಮೇಲೆ 30ರ ಬಫರ್ (ಸುತ್ತಲ ಪಟ್ಟಿ) ಹಾಕಿದರೆ 30 ಡಿಗ್ರಿ, ದೇಶವೇ ಮುಳುಗುತ್ತದೆ. ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನ ರೀಪ್ರೊಜೆಕ್ಟ್ ಲೇಯರ್ ಬಳಸಿ 32643ಕ್ಕೆ ಬದಲಿಸಿ, ಆಮೇಲೆ 30ರ ಬಫರ್ ಹಾಕಿ. ಬೆಂಗಳೂರು ಬೀಳುವುದು ಯುಟಿಎಂ ಎಂಬ ಮೀಟರ್ ಲೆಕ್ಕದ ಪದ್ಧತಿಯ 43ನೇ ವಲಯದಲ್ಲಿ. ರೈಟ್‌ಕ್ಲಿಕ್ ಮಾಡಿ ಸೆಟ್ ಸಿಆರ್‌ಎಸ್ ಒತ್ತಿದರೆ ಸಾಲದು: ಅದು ಹಣೆಪಟ್ಟಿ ಬದಲಿಸುತ್ತದೆ, ಅಂಕಿಗಳನ್ನಲ್ಲ. ಆಗ ಅಗರ ಕೆರೆ ಸಮಭಾಜಕದ ಬಳಿ ಹಿಂದೂ ಮಹಾಸಾಗರಕ್ಕೆ ಹಾರಿಹೋಗುತ್ತದೆ. ವೆಬ್ ನಕ್ಷೆಗಳು ಬಳಸುವ 3857ರಲ್ಲಿ ಬಫರ್ ಹಾಕಿದರೆ ಮೋಸ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲೆ ಸುಮಾರು 29.2 ಮೀಟರ್ ಮಾತ್ರ ಸಿಗುತ್ತದೆ.

ಬಫರ್ ಕೆರೆಯನ್ನೂ ಸೇರಿಸಿಕೊಂಡಿರುತ್ತದೆ. ಬರಿಯ ಪಟ್ಟಿ ಬೇಕೆಂದರೆ ಡಿಫರೆನ್ಸ್ ಬಳಸಿ ಕೆರೆಯನ್ನು ಕಳೆಯಿರಿ. ಇನ್‌ವ್ಯಾಲಿಡ್ ಜಿಯಾಮೆಟ್ರಿ ಎಂದು ತಕರಾರು ತೆಗೆದರೆ ಮೊದಲು ಫಿಕ್ಸ್ ಜಿಯಾಮೆಟ್ರೀಸ್.

ನೀವೇ ಗುರುತಿಸಿದ ಜಾಗಗಳ ಪಟ್ಟಿಯ ಸಿಎಸ್‌ವಿ ಕಡತ ಸೇರಿಸುವಾಗ ಎಕ್ಸ್ ಅಂದರೆ ರೇಖಾಂಶ (77.6), ವೈ ಅಂದರೆ ಅಕ್ಷಾಂಶ (12.9). ಅದಲುಬದಲಾದರೆ ನಿಮ್ಮ ಬಿಂದುಗಳು ಸ್ವಾಲ್‌ಬಾರ್ಡ್ ಕಡೆಯ ಸಮುದ್ರದಲ್ಲಿ ತೇಲುತ್ತವೆ.

ಹೆಸರಿಗೆ ನೇಮ್:ಕೆಎನ್ (ಕನ್ನಡ ಹೆಸರಿರುವ) ಕಾಲಂ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪಿಸಿದ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸದೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಪಿಡಿಎಫ್ ಮಾಡುವಾಗ ಅಕ್ಷರಗಳನ್ನು ಪಾತ್ (ಗೆರೆಯ ಆಕಾರ) ಆಗಿ ಕಳಿಸುವ ಆಯ್ಕೆ ಇಡಿ, ಒತ್ತಕ್ಷರ ಕೆಡುವುದಿಲ್ಲ. ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಹೆಸರು ಹಾಕುವುದು ಪರವಾನಗಿಯ ಷರತ್ತು.

ಒಂದು ಮಾತು: ಆ ಕೆರೆಯಂಚನ್ನು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಎಳೆದಿರುತ್ತಾರೆ. ಒತ್ತುವರಿ ದೂರಿಗೆ ಸರ್ವೆ ನಂಬರ್ ಬೇಕು. ಅದನ್ನು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಗಡಿಗೆ ಭೂಮಾಪಕರ ನಕ್ಷೆಯನ್ನೇ ಕೇಳಿ.