ಥೈರಾಯ್ಡ್ ಗಡ್ಡೆಗಳಲ್ಲಿ ನಾಲ್ಕು ಮಾರ್ಕರ್‌ಗಳನ್ನು ದಾರಿಗೆ ತಂದದ್ದು: ನನ್ನ ಅನುಭವ

ಥೈರಾಯ್ಡ್‌ಗೆ ಐಎಚ್‌ಸಿ (ಆಂಟಿಬಾಡಿ ಅಂಟಿಸಿ ಕೋಶದ ಪ್ರೋಟೀನನ್ನು ಬಣ್ಣದಲ್ಲಿ ತೋರಿಸುವ ಪರೀಕ್ಷೆ) ಮಾಡುವುದು ದುಡ್ಡು ದಂಡ, ಎಚ್ ಅಂಡ್ ಇ (ಮಾಮೂಲಿ ಬಣ್ಣ ಹಾಕಿದ ಸ್ಲೈಡು) ಓದಲು ಬಂದರೆ ಸಾಕು ಎಂದವರೇ ಹೆಚ್ಚು. ಪ್ಯಾಪಿಲರಿ ಕ್ಯಾನ್ಸರ್ ಎದ್ದು ಕಾಣುವ ಕಡೆ ನಾನೂ ಮಾರ್ಕರ್ (ಹೀಗೆ ಹುಡುಕುವ ಪ್ರೋಟೀನ್) ಹಾಕುವುದಿಲ್ಲ. ತೊಡಕು ಇರುವುದು ಕ್ಯಾಪ್ಸೂಲ್ (ಗಡ್ಡೆಯ ಹೊದಿಕೆ) ಒಳಗಿನ ಫಾಲಿಕ್ಯುಲರ್ ಗಡ್ಡೆಯಲ್ಲಿ (ಫಾಲಿಕಲ್ ಎಂಬ ಪುಟ್ಟ ಚೀಲಗಳಾಗಿ ಬೆಳೆಯುವುದು), ನ್ಯೂಕ್ಲಿಯಸ್ ಪ್ಯಾಪಿಲರಿಯತ್ತಲೂ ವಾಲದೆ ಇತ್ತಲೂ ವಾಲದೆ ನಿಂತಾಗ. ಅಲ್ಲಿ ಎಚ್‌ಬಿಎಂಇ-1, ಗ್ಯಾಲೆಕ್ಟಿನ್-3, ಸಿಕೆ19, ಸಿಡಿ56 ಇಷ್ಟೇ ನನ್ನ ಪ್ಯಾನೆಲ್. ಮೊದಲ ಮೂರು ಪ್ಯಾಪಿಲರಿಯಲ್ಲಿ ಬಣ್ಣ ಹಿಡಿಯುತ್ತವೆ; ಸಿಡಿ56 ಸಹಜ ಥೈರಾಯ್ಡ್‌ನಲ್ಲಿದ್ದು ಪ್ಯಾಪಿಲರಿಯಲ್ಲಿ ಕಳೆದುಹೋಗುತ್ತದೆ. ಬೇಡ ಎಂದವರೇ ಈಗ ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡು) ಕಳಿಸುತ್ತಾರೆ, ಅದಿರಲಿ.

ಕೆಡುವುದು ಆಂಟಿಬಾಡಿ ತಲುಪುವ ಮೊದಲೇ. ಇಡೀ ಲೋಬನ್ನು ಹಾಗೇ ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ಟರೆ ದ್ರವ ಒಳಗಿಳಿಯುವುದು ಗಂಟೆಗೆ ಹೆಚ್ಚೂಕಡಿಮೆ ಒಂದು ಮಿಲಿಮೀಟರ್. ನಡುಭಾಗ ಅರೆಬರೆ ಫಿಕ್ಸ್ ಆಗುತ್ತದೆ (ಕೆಡದಂತೆ ಗಟ್ಟಿಯಾಗುವುದು), ಅಲ್ಲಿ ಸಿಡಿ56 ಮಂಕಾಗುತ್ತದೆ. ಸಿಡಿ56 ಹೋಗಿದೆ ಅಂದರೆ ಪ್ಯಾಪಿಲರಿ ಕಡೆಗೆ ಎಂದು ಓದುವವರಿಗೆ ಇದು ನೇರ ಬಲೆ. ಹೊರಮೈಗೆ ಇಂಕ್ ಹಚ್ಚಿ, 4–5 ಮಿ.ಮೀ. ಅಂತರದಲ್ಲಿ ಸೀಳಿ, ತುಂಡಿನ ಗಾತ್ರದ ಹತ್ತು ಪಟ್ಟಾದರೂ ಬಫರ್ಡ್ ಫಾರ್ಮಲಿನ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಇಡುತ್ತೇನೆ. ಸಿಡಿ56 ಹಾಕುವ ಬ್ಲಾಕ್‌ನಲ್ಲಿ ಗಡ್ಡೆಯ ಅಂಚಿನ ಸಹಜ ಥೈರಾಯ್ಡ್ ಇರಲೇಬೇಕು. ಆ ಫಾಲಿಕಲ್‌ಗಳ ಪೊರೆ ಕಂದು (ಪಾಸಿಟಿವ್‌ನ ಬಣ್ಣ) ಹಿಡಿದಿಲ್ಲವಾದರೆ ಗಡ್ಡೆಯ ನೆಗೆಟಿವ್‌ಗೆ ಕಾಸಿನ ಬೆಲೆಯಿಲ್ಲ.

ಸೆಕ್ಷನ್ (ಬ್ಲಾಕ್‌ನಿಂದ ಕತ್ತರಿಸಿದ ತೆಳು ಪದರ) 3 ಮೈಕ್ರಾನ್, ಅದನ್ನು ಬಿಗಿಯಾಗಿ ಹಿಡಿಯುವ ಚಾರ್ಜ್ಡ್ ಸ್ಲೈಡು, 60 ಡಿಗ್ರಿಯಲ್ಲಿ ಒಂದು ಗಂಟೆ. ಕೊಲಾಯ್ಡ್ (ಫಾಲಿಕಲ್ ಒಳಗಿನ ಅಂಟುದ್ರವ) ತುಂಬಿದ ಸೆಕ್ಷನ್ ರಿಟ್ರೀವಲ್‌ನಲ್ಲಿ (ಮುಚ್ಚಿಹೋದ ಪ್ರೋಟೀನನ್ನು ಬಿಸಿ ಬಫರ್‌ನಲ್ಲಿ ತೆರೆಯುವ ಹಂತ) ಎದ್ದು ಮಡಚಿಕೊಳ್ಳುತ್ತದೆ. ಬಫರ್ ಕೊತಕೊತ ಕುದಿಯಲು ಬಿಡಬಾರದು. ಟ್ರಿಸ್-ಇಡಿಟಿಎ, ಪಿಎಚ್ 9, 95–98 ಡಿಗ್ರಿಯಲ್ಲಿ 20 ನಿಮಿಷ. ತಣಿಯಲು ಮತ್ತೆ ಇಪ್ಪತ್ತು, ಅದೇ ಬಫರ್‌ನಲ್ಲಿ. ಕೋಶದ್ದೇ ಕಿಣ್ವ ಸುಳ್ಳು ಬಣ್ಣ ತರದಂತೆ ಪೆರಾಕ್ಸೈಡ್ 3 ಶೇಕಡಾ, 10 ನಿಮಿಷ. ಉಳಿದದ್ದು ಎಲ್ಲರಿಗೂ ಗೊತ್ತು.

ಹೆಚ್ಚು ಕಾಡಿದ್ದು ಆಂಕೊಸೈಟಿಕ್ ಗಡ್ಡೆಗಳು. ಆ ಕೋಶಗಳ ತುಂಬ ಮೈಟೊಕಾಂಡ್ರಿಯಾ, ಹಾಗಾಗಿ ಒಳಗೇ ಬಯೋಟಿನ್ ದಂಡಿಯಾಗಿರುತ್ತದೆ. ಬಿಸಿ ರಿಟ್ರೀವಲ್ ಅದನ್ನು ಬಯಲಿಗೆಳೆಯುತ್ತದೆ, ಬಣ್ಣ ತರಲು ಹಾಕುವ ಸ್ಟ್ರೆಪ್ಟಾವಿಡಿನ್ ಹೋಗಿ ಅದಕ್ಕೆ ಅಂಟುತ್ತದೆ, ಗ್ಯಾಲೆಕ್ಟಿನ್-3 ಪಾಸಿಟಿವ್ ಎಂಬ ಸುಳ್ಳು ಸುದ್ದಿ ಹುಟ್ಟುತ್ತದೆ. ಪ್ರೈಮರಿ ಆಂಟಿಬಾಡಿ (ಮಾರ್ಕರ್ ಹಿಡಿಯುವ ಮೊದಲ ಆಂಟಿಬಾಡಿ) ಹಾಕದ ಒಂದು ಸ್ಲೈಡು ಜೊತೆಗಿಡಿ. ಅದೂ ಕಂದಾದರೆ ಬಯೋಟಿನ್‌ನದೇ ಕೈವಾಡ. ಒಳಗಿನ ಬಯೋಟಿನ್ ಮುಚ್ಚುವ ಆವಿಡಿನ್-ಬಯೋಟಿನ್ ದ್ರಾವಣಗಳಿಂದ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಬಯೋಟಿನ್ ಬಳಸದ ಪಾಲಿಮರ್ ಕಿಟ್‌ಗೆ ಬದಲಾಯಿಸಿದ ಮೇಲೆ ಕಾಟ ತಪ್ಪಿತು. ಕಿಟ್ ದುಬಾರಿ ನಿಜ, ಮರುಮಾಡುವ ಸ್ಲೈಡುಗಳ ಖರ್ಚು ಕಳೆದರೆ ಲಾಭವೇ.

ದುಡ್ಡಿನ ಲೆಕ್ಕ ಹೀಗೆ. ಬಳಕೆಗೆ ಸಿದ್ಧವಾದ 7 ಮಿಲಿ ಬಾಟಲಿ, ಸ್ಲೈಡಿಗೆ 100 ಮೈಕ್ರೊಲೀಟರ್‌ನಂತೆ 70 ಸ್ಲೈಡಿಗೆ ಮುಗಿಯುತ್ತದೆ. ಅದೇ 1 ಮಿಲಿ ಸಾಂದ್ರ ಆಂಟಿಬಾಡಿ 1:100ರಲ್ಲಿ ಸಾವಿರ ಸ್ಲೈಡಿಗೆ ಬರುತ್ತದೆ, ಅವಧಿ ಮುಗಿಯುವ ಮೊದಲು ಅಷ್ಟು ಕೆಲಸ ಬಂದರೆ ಮಾತ್ರ. ಸಿಕೆ19 ಮತ್ತು ಸಿಡಿ56 ಬೇರೆ ಗಡ್ಡೆಗಳಿಗೂ ಬೇಕಾಗುತ್ತವೆ, ಅವನ್ನು ಸಾಂದ್ರವಾಗಿ ಕೊಳ್ಳುತ್ತೇನೆ. ಉಳಿದೆರಡು ಸಿದ್ಧ ಬಾಟಲಿ. ಕಂಟ್ರೋಲ್ ತುಂಡುಗಳನ್ನು (ಬಣ್ಣ ಸರಿಯಾಗಿ ಬಂತೇ ಎಂದು ತೋರಿಸುವವು) ರೋಗಿಯ ಸೆಕ್ಷನ್ ಪಕ್ಕದಲ್ಲೇ ಕೂರಿಸಿದರೆ ಆಂಟಿಬಾಡಿಗೊಂದರಂತೆ ಸ್ಲೈಡು ಉಳಿಯುತ್ತದೆ. ಅವುಗಳಲ್ಲಿ ಯಕೃತ್ತಿನದೂ ಒಂದು: ಸಿಕೆ19ಕ್ಕೆ ಪಿತ್ತನಾಳ ಹಿಡಿಯಬೇಕು, ಹೆಪಟೊಸೈಟ್ (ಯಕೃತ್ತಿನ ಮುಖ್ಯ ಕೋಶ) ಹಿಡಿಯಬಾರದು. ನನ್ನ ಡೈಲ್ಯೂಷನ್‌ಗಳನ್ನೂ (ಆಂಟಿಬಾಡಿ ತೆಳುಗೊಳಿಸುವ ಪ್ರಮಾಣ) ಹಿನ್ನೆಲೆ ತಿಳಿಯಾಗಿಸಲು ಡೈಲ್ಯೂಯೆಂಟ್‌ಗೆ ಬೆರೆಸುವುದನ್ನೂ ಇಲ್ಲಿ ಬರೆಯುವುದಿಲ್ಲ. 1:50ರಿಂದ ದುಪ್ಪಟ್ಟು ಮಾಡುತ್ತ ಹೋಗಿ, ತಾನೇ ಸಿಗುತ್ತದೆ.

ಓದುವಾಗ ಜಿಪುಣತನ ಬೇಕು. ಎಚ್‌ಬಿಎಂಇ-1 ಫಾಲಿಕಲ್‌ನ ಒಳಬದಿಯ ಪೊರೆಯಲ್ಲಿ ಗೆರೆ ಎಳೆದಂತೆ ಇದ್ದರೆ ಲೆಕ್ಕಕ್ಕೆ. ಕೊಲಾಯ್ಡ್ ಕಂದಾಗಿದ್ದರೆ ಇಲ್ಲ. ಸಿಕೆ19 ಗಡ್ಡೆಯುದ್ದಕ್ಕೂ ಗಾಢವಾಗಿರಬೇಕು. ಹಶಿಮೊಟೊ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆರಗುವ ಕಾಯಿಲೆ) ಇರುವ ಗ್ರಂಥಿಯಲ್ಲೂ, ಸೂಜಿ ಚುಚ್ಚಿದ ಜಾಗದ ಸುತ್ತಲೂ ಸಿಕೆ19, ಗ್ಯಾಲೆಕ್ಟಿನ್-3 ಎರಡೂ ಚೂರುಪಾರು ಬಣ್ಣ ಹಿಡಿಯುತ್ತವೆ. ಗ್ಯಾಲೆಕ್ಟಿನ್-3ಕ್ಕೆ ಸೆಕ್ಷನ್‌ನಲ್ಲೇ ಇರುವ ಮ್ಯಾಕ್ರೊಫೇಜ್‌ಗಳೇ (ಕಸ ನುಂಗುವ ಕೋಶಗಳು) ಒಳಗಿನ ಕಂಟ್ರೋಲ್. ಒಂದೇ ಮಾರ್ಕರ್ ನಂಬಿ ಬರೆಯುವುದಿಲ್ಲ. ಮೂರು ಪಾಸಿಟಿವ್ ಆಗಿ ಸಿಡಿ56 ಕಳೆದುಹೋಗಿದ್ದರೆ ನ್ಯೂಕ್ಲಿಯಸ್ ಮತ್ತೆ ನೋಡುತ್ತೇನೆ, ಇನ್ನೂ ಆಳದ ಸೆಕ್ಷನ್ ಕೇಳುತ್ತೇನೆ. ಅಡಿನೋಮವೋ (ಕ್ಯಾನ್ಸರ್ ಅಲ್ಲದ ಗಡ್ಡೆ) ಫಾಲಿಕ್ಯುಲರ್ ಕ್ಯಾನ್ಸರೋ ಎಂಬುದನ್ನು ಈ ನಾಲ್ಕೂ ತೀರ್ಮಾನಿಸುವುದಿಲ್ಲ. ಅದಕ್ಕೆ ಗಡ್ಡೆ ಹೊದಿಕೆ ದಾಟಿದೆಯೇ ಎಂದು ನೋಡಬೇಕು, ಕ್ಯಾಪ್ಸೂಲ್ ಪೂರ್ತಿ ಬ್ಲಾಕ್ ಆಗಲೇಬೇಕು. 2016ರಲ್ಲಿ ಬಂದ ನಿಫ್ಟ್‌ಪಿ (ಹೊದಿಕೆ ದಾಟದ, ಪ್ಯಾಪಿಲರಿಯಂಥ ನ್ಯೂಕ್ಲಿಯಸ್ ಇರುವ ಫಾಲಿಕ್ಯುಲರ್ ಗಡ್ಡೆ) ಹೆಸರು ಬರೆಯಬೇಕೆಂದರೂ ಅಷ್ಟೇ.

ಬಿಆರ್‌ಎಎಫ್ ವಿಇ1 (ಪ್ಯಾಪಿಲರಿಯಲ್ಲಿ ಕಾಣುವ ಬಿಆರ್‌ಎಎಫ್ ಜೀನ್ ಬದಲಾವಣೆಯನ್ನು ಹಿಡಿಯುವ ಆಂಟಿಬಾಡಿ) ಕೂಡ ಹಾಕಿ ನೋಡಿದೆ. ಚೆನ್ನಾಗಿ ಬರುತ್ತದೆ, ಆದರೆ ಫಾಲಿಕ್ಯುಲರ್ ರಚನೆಯ ಗಡ್ಡೆಗಳಲ್ಲಿ ಹೆಚ್ಚಾಗಿ ಇರುವುದು ರ‍್ಯಾಸ್ ಬದಲಾವಣೆ. ಅಲ್ಲಿ ನೆಗೆಟಿವ್ ಬಂದರೆ ಏನನ್ನೂ ಹೇಳಿದಂತಾಗಲಿಲ್ಲ.

ಇನ್ನೊಂದು ಪಕ್ಕದ ಪ್ರಯೋಗ, ಹಯಲಿನೈಸಿಂಗ್ ಟ್ರಾಬೆಕ್ಯುಲರ್ ಗಡ್ಡೆಯದು (ಪ್ಯಾಪಿಲರಿ ಎಂದು ಮೋಸಗೊಳಿಸುವ ಅಪರೂಪದ ಗಡ್ಡೆ). ಕೋಶ ವಿಭಜನೆ ತೋರಿಸುವ ಕಿ-67ರ ಎಂಐಬಿ-1 ಕ್ಲೋನ್ (ಆಂಟಿಬಾಡಿಯ ಒಂದು ತಳಿ) ಇದರಲ್ಲಿ ನ್ಯೂಕ್ಲಿಯಸ್ ಬಿಟ್ಟು ಕೋಶದ ಪೊರೆಯನ್ನು ಹಿಡಿಯುತ್ತದೆ. ಆದರೆ 37 ಡಿಗ್ರಿಯಲ್ಲಿ ಓಡುವ ಯಂತ್ರದಲ್ಲಿ ಅದು ಕಾಣುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ, ಕೈಯಿಂದಲೇ ಮಾಡಿ. ಬೇರೆ ಕ್ಲೋನ್ ನೆಚ್ಚಬೇಡಿ.

ಸೆಲ್ ಬ್ಲಾಕ್‌ನಲ್ಲಿ (ಸೂಜಿಯಿಂದ ತೆಗೆದ ಕೋಶಗಳ ಬ್ಲಾಕ್) ಕೋಶಗಳು ನಾಲ್ಕೈದು ಗುಂಪಷ್ಟೇ ಇದ್ದರೆ ಕಂದು ಬಣ್ಣ ಕೊಡುವ ಡಿಎಬಿ ಬದಲು ಕೆಂಪು ಕೊಡುವ ಎಇಸಿ ಬಳಸುತ್ತೇನೆ. ಅದು ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಫೋಟೊ ತೆಗೆದು, ಬಣ್ಣ ಕಳೆದು, ಹಳೆಯ ಆಂಟಿಬಾಡಿ ಬಿಡಿಸಲು ಮತ್ತೆ ಬಿಸಿ ಕೊಟ್ಟು, ಅದೇ ಸೆಕ್ಷನ್ ಮೇಲೆ ಎರಡನೆಯ ಮಾರ್ಕರ್. ಮೂರನೆಯ ಸುತ್ತಿಗೆ ಸೆಕ್ಷನ್ ಕಿತ್ತುಬರಲು ಶುರುವಾಗುತ್ತದೆ. ಹಾಗಾಗಿ ಎಚ್‌ಬಿಎಂಇ-1 ಮೊದಲು, ಗ್ಯಾಲೆಕ್ಟಿನ್-3 ಆಮೇಲೆ, ಅಲ್ಲಿಗೆ ನಿಲ್ಲಿಸುತ್ತೇನೆ.