ಟ್ರ್ಯಾಷ್ ಖಾಲಿ, ಡಿಸ್ಕ್ ಮಾತ್ರ ಭರ್ತಿ: ಲಿನಕ್ಸ್‌ನಲ್ಲಿ ನಾನು ಸರಿಮಾಡಿದ್ದು ಹೀಗೆ

ನನ್ನದು ಗ್ನೋಮ್ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಲ್ಯಾಪ್‌ಟಾಪ್. ಒಂದು ದೊಡ್ಡ ಹಳೇ ಪ್ರಾಜೆಕ್ಟ್ ಫೋಲ್ಡರ್ ಅಳಿಸಿ ಟ್ರ್ಯಾಷ್ ಖಾಲಿ ಮಾಡಿದೆ. ಟ್ರ್ಯಾಷ್ ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಆದರೆ ಡಿಸ್ಕ್‌ನಲ್ಲಿ ಜಾಗ ಒಂದಿಷ್ಟೂ ವಾಪಸ್ ಬಂದಿರಲಿಲ್ಲ. ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಇಂಥ ತೊಂದರೆಗೆ ಎಲ್ಲರೂ ಮೊದಲು ಹೇಳುವುದು ಸುಡೊ (ಅಡ್ಮಿನ್ ಅಧಿಕಾರ) ಹಾಕಿ, ಫೈಲ್ ಅಳಿಸುವ ಆರ್‌ಎಂ ಕಮಾಂಡ್ ಓಡಿಸಿ ಎಂದು. ಕೆಲಸ ಆಗುತ್ತದೆ, ನಿಜ. ಆದರೆ ಪಾತ್ (ಫೋಲ್ಡರ್‌ನ ಪೂರ್ತಿ ವಿಳಾಸ) ಬರೆಯುವಾಗ ನಡುವೆ ಒಂದು ಸ್ಪೇಸ್ ಜಾಸ್ತಿ ಬಿದ್ದರೆ ಬೇರೆ ಯಾವುದೋ ಫೋಲ್ಡರ್ ಹೋಗಿಬಿಡುತ್ತದೆ, ಹಾಗೆ ಹೋದದ್ದು ಟ್ರ್ಯಾಷ್‌ಗೂ ಬರುವುದಿಲ್ಲ. ಅದಕ್ಕೇ ನಾನು ಮೊದಲು ಸಿಕ್ಕಿಕೊಂಡಿರುವುದು ಏನು, ಎಲ್ಲಿ, ಅದು ಯಾರ ಹೆಸರಿನಲ್ಲಿದೆ ಎಂದು ನೋಡಿದೆ.

ಹೋಮ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಅಡಗಿಸಿಟ್ಟ ಫೋಲ್ಡರ್‌ಗಳು ಕಾಣುತ್ತವೆ. ಅಲ್ಲಿ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಟ್ರ್ಯಾಷ್. ಇದೇ ನಿಜವಾದ ಟ್ರ್ಯಾಷ್. ಇದರಲ್ಲಿ 'ಫೈಲ್ಸ್' ಎಂಬ ಫೋಲ್ಡರ್‌ನಲ್ಲಿ ನಾವು ಅಳಿಸಿದ ವಸ್ತುಗಳಿರುತ್ತವೆ. 'ಇನ್ಫೋ' ಎಂಬುದರಲ್ಲಿ ಪ್ರತಿಯೊಂದಕ್ಕೂ ಒಂದು ಚಿಕ್ಕ ಫೈಲ್, ಅದು ಮೊದಲು ಎಲ್ಲಿತ್ತು, ಯಾವಾಗ ಅಳಿಸಿದ್ದು ಎಂದು ಬರೆದುಕೊಂಡಿರುತ್ತದೆ. ನನ್ನಲ್ಲಿ ಈ ಎರಡೂ ಖಾಲಿ ಇದ್ದವು. ಆದರೆ ಪಕ್ಕದಲ್ಲೇ 'ಎಕ್ಸ್‌ಪಂಜ್ಡ್' ಎಂಬ ಮೂರನೇ ಫೋಲ್ಡರ್ ಇತ್ತು. ಹೋಗದೆ ಉಳಿದದ್ದೆಲ್ಲ ಅದರೊಳಗೆ ಕೂತಿತ್ತು!

ಗ್ನೋಮ್‌ನಲ್ಲಿ ಟ್ರ್ಯಾಷ್ ಖಾಲಿ ಮಾಡಿದಾಗ ವಸ್ತುಗಳು ನೇರವಾಗಿ ಅಳಿಯುವುದಿಲ್ಲ, ಮೊದಲು ಈ ಎಕ್ಸ್‌ಪಂಜ್ಡ್‌ಗೆ ಹೋಗುತ್ತವೆ, ಆಮೇಲೆ ಹಿನ್ನೆಲೆಯಲ್ಲಿ ಒಂದೊಂದಾಗಿ ಅಳಿಯುತ್ತವೆ. ಅಲ್ಲಿ ಅಳಿಸಲಾಗದ್ದು ಏನಾದರೂ ಸಿಕ್ಕರೆ ಅದು ಅಲ್ಲೇ ಉಳಿಯುತ್ತದೆ, ನಮಗೆ ಕಾಣುವ ಟ್ರ್ಯಾಷ್ ಮಾತ್ರ ಖಾಲಿ.

ಹಾಗಾದರೆ ಅಳಿಸಲಾಗದ ವಸ್ತು ಟ್ರ್ಯಾಷ್‌ಗೆ ಹೋಗಿದ್ದಾದರೂ ಹೇಗೆ, ಅಲ್ವಾ? ಇದು ನನಗೆ ತುಂಬಾ ಹಿಡಿಸಿದ ಭಾಗ. ಲಿನಕ್ಸ್‌ನಲ್ಲಿ ಒಂದು ಫೈಲ್ ಅಳಿಸಲು ಬೇಕಾಗುವುದು ಆ ಫೈಲ್ ಮೇಲಿನ ಅನುಮತಿಯಲ್ಲ, ಅದು ಇರುವ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ. ನನ್ನ ಪ್ರಾಜೆಕ್ಟ್ ಫೋಲ್ಡರ್ ನನ್ನದೇ. ಆದರೆ ಅದರೊಳಗೆ ಒಂದು ಕಂಟೇನರ್ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿಟ್ಟು ಓಡಿಸುವ ವ್ಯವಸ್ಥೆ) ಓಡುವಾಗ ರೂಟ್, ಅಂದರೆ ಸಿಸ್ಟಂನ ಅಡ್ಮಿನ್ ಖಾತೆಯ ಹೆಸರಿನಲ್ಲಿ ಒಂದು ಸಬ್‌ಫೋಲ್ಡರ್ ಮಾಡಿ ಫೈಲ್‌ಗಳನ್ನು ತುಂಬಿಸಿತ್ತು. ಹೊರಗಿನ ಫೋಲ್ಡರ್ ಅನ್ನು ಟ್ರ್ಯಾಷ್‌ಗೆ ಹಾಕುವುದೆಂದರೆ ಅದೇ ಡಿಸ್ಕ್‌ನಲ್ಲಿ ಅದರ ಜಾಗ ಬದಲಿಸುವುದು ಅಷ್ಟೇ, ಒಳಗಿರುವುದನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ತಡೆ ಬರುವುದಿಲ್ಲ. ಅಳಿಸುವಾಗ ಮಾತ್ರ ಒಳಗೆ ಇಳಿಯಲೇಬೇಕು. ರೂಟ್‌ನ ಸಬ್‌ಫೋಲ್ಡರ್ ಬಂದ ಕೂಡಲೇ ಕೆಲಸ ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ ಎಲ್‌ಎಸ್ ಮೈನಸ್ ಎಲ್ ಕೊಟ್ಟು ನೋಡಿದರೆ ನನ್ನ ಹೆಸರು ಇರಬೇಕಾದ ಕಡೆ ರೂಟ್ ಎಂದಿತ್ತು.

ಮುಂದಿನದು ಸುಲಭ. ಸುಡೊ ಬಳಸಿದ್ದು ಮಾಲೀಕರನ್ನು ಬದಲಿಸಲು ಮಾತ್ರ: ಚೋನ್ ಕಮಾಂಡ್ (ಸಿ ಎಚ್ ಓ ಡಬ್ಲ್ಯು ಎನ್), ಒಳಗಿನದೆಲ್ಲಕ್ಕೂ ಅನ್ವಯಿಸಲು ಮೈನಸ್ ದೊಡ್ಡ ಆರ್ ಆಪ್ಷನ್, ನನ್ನ ಯೂಸರ್‌ನೇಮ್, ಕೊನೆಗೆ ಆ ಎಕ್ಸ್‌ಪಂಜ್ಡ್ ಫೋಲ್ಡರ್‌ನ ಪೂರ್ತಿ ಪಾತ್. ಎಲ್ಲವೂ ನನ್ನ ಹೆಸರಿಗೆ ಬಂತು. ಆಮೇಲೆ ಸುಡೊ ಇಲ್ಲದೆ, ಫೈಲ್ ಮ್ಯಾನೇಜರ್‌ನಲ್ಲೇ ಎಕ್ಸ್‌ಪಂಜ್ಡ್ ಒಳಗಿನದನ್ನೆಲ್ಲ ಆರಿಸಿ ಶಿಫ್ಟ್ ಡಿಲೀಟ್ ಒತ್ತಿದೆ. ಹೋಯಿತು, ಜಾಗವೂ ಬಂತು. ಚೋನ್‌ನಲ್ಲಿ ಪಾತ್ ತಪ್ಪಿದರೂ ತೊಂದರೆ ಇದೆ, ಸಿಸ್ಟಂ ಫೋಲ್ಡರ್ ಮೇಲೆ ಓಡಿದರೆ ಸರಿಮಾಡುವುದು ಕಷ್ಟ, ಆದ್ದರಿಂದ ಎಂಟರ್ ಒತ್ತುವ ಮುಂಚೆ ಪಾತ್ ಪೂರ್ತಿ ಓದಿ. ಆದರೂ ಫೈಲ್‌ಗಳಾದರೂ ಉಳಿಯುತ್ತವೆ, ಅದಕ್ಕೇ ನಾನು ಈ ದಾರಿಯನ್ನೇ ಆರಿಸುತ್ತೇನೆ.

ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್ ಆದರೆ ಹೋಮ್ ಫೋಲ್ಡರ್‌ನಲ್ಲಿ ಸುಮ್ನೆ ಹುಡುಕಬೇಡಿ. ಅವಕ್ಕೆ ತಮ್ಮದೇ ಟ್ರ್ಯಾಷ್ ಇರುತ್ತದೆ, ಡಾಟ್ ಟ್ರ್ಯಾಷ್ ಎಂದು ಶುರುವಾಗಿ ಕೊನೆಗೆ ನಿಮ್ಮ ಯೂಸರ್ ನಂಬರ್ ಇರುವ ಅಡಗಿದ ಫೋಲ್ಡರ್. ಒಬ್ಬರೇ ಬಳಸುವ ಉಬುಂಟು ಕಂಪ್ಯೂಟರ್‌ನಲ್ಲಿ ಆ ನಂಬರ್ ಸಾಮಾನ್ಯವಾಗಿ 1000. ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್ ಬಳಸುವ ಫೈಲ್ ವ್ಯವಸ್ಥೆ) ಡಿಸ್ಕ್‌ನಲ್ಲಿ ಏನೂ ಅಳಿಯದಿದ್ದರೆ ಅದು ರೀಡ್ ಓನ್ಲಿಯಾಗಿ, ಅಂದರೆ ಓದಲು ಮಾತ್ರ ಆಗುವಂತೆ, ಮೌಂಟ್ ಆಗಿರಬಹುದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಶುರುವಾಗಲೆಂದು ಪೂರ್ತಿ ಆಫ್ ಆಗದಿರುವ ಸೌಲಭ್ಯ) ಆನ್ ಇದ್ದರೆ ಹೀಗಾಗುತ್ತದೆ. ಅದನ್ನು ಆಫ್ ಮಾಡಿ ವಿಂಡೋಸನ್ನು ಪೂರ್ತಿ ಶಟ್‌ಡೌನ್ ಮಾಡಿ ಬನ್ನಿ, ಇಲ್ಲಿ ಚೋನ್ ಕೆಲಸಕ್ಕೆ ಬರುವುದಿಲ್ಲ.

ಈಗ ಕಂಟೇನರ್ ಓಡಿಸಿದ ಯಾವ ಫೋಲ್ಡರ್ ಅನ್ನಾದರೂ ಅಳಿಸುವ ಮುಂಚೆಯೇ ನಾನು ಅದರ ಮೇಲೆ ಚೋನ್ ಓಡಿಸುತ್ತೇನೆ. ಟ್ರ್ಯಾಷ್‌ಗೆ ಹೋದ ಮೇಲೆ ಹುಡುಕುವುದಕ್ಕಿಂತ ಅದು ಸಲೀಸು.