ಇಂಗ್ಲೆಂಡಿಗೆ ಓದಲು ಹೊರಟಿರುವ ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ: ದಿನನಿತ್ಯದ ಬದುಕನ್ನು ಹೊಂದಿಸಿಕೊಳ್ಳುವ ಬಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಸ್ನಾತಕೋತ್ತರ ಪದವಿಗೆಂದು ಇಂಗ್ಲೆಂಡಿಗೆ ಹೊರಡುವವರು ವೀಸಾ, ಶುಲ್ಕ, ಬ್ಯಾಂಕ್ ಸಾಲ, ವಿಮಾನದ ಟಿಕೆಟ್ ಇವುಗಳ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆದರೆ ಅಲ್ಲಿ ಇಳಿದ ಮೇಲೆ ಬೆಳಗಾದರೆ ಎದುರಾಗುವ ಅಡುಗೆಮನೆ, ಬಸ್ಸು, ಬಚ್ಚಲು, ಚಳಿ, ಕ್ಲಾಸಿನ ನಡಾವಳಿ ಇವುಗಳನ್ನು ಹೇಳಿಕೊಡುವವರು ಕಡಿಮೆ. ನಾನು ಲೀಡ್ಸ್ ನಗರದಲ್ಲಿ ಓದಿ ಚಿಕ್ಕಮಗಳೂರಿಗೆ ಮರಳಿದವಳು. ಹೊರಡುವ ಮುನ್ನ ಬಂದು ಕೇಳುವ ಹುಡುಗ ಹುಡುಗಿಯರಿಗೆ ಹೇಳುತ್ತ ಬಂದಿರುವುದನ್ನೇ ಇಲ್ಲಿ ಬರೆದಿದ್ದೇನೆ. ನಮ್ಮ ಬೀದಿಗೆ ಹೊಸಬರು ಬಂದರೆ ಹಾಲು ಯಾರು ಹಾಕುತ್ತಾರೆ, ನೀರು ಯಾವಾಗ ಬಿಡುತ್ತಾರೆ ಎಂಬುದನ್ನು ಎದುರುಮನೆಯವರೇ ಬಂದು ತಿಳಿಸುತ್ತಾರೆ. ಇಂಗ್ಲೆಂಡಿನಲ್ಲಿ ನೆರವು ಬೇಕಾದಷ್ಟಿದೆ, ಆದರೆ ಅದು ತಾನಾಗಿ ಬಾಗಿಲಿಗೆ ಬರುವುದಿಲ್ಲ. ಕೇಳಬೇಕು, ಆದಷ್ಟು ಬರೆದು ಕೇಳಬೇಕು, ತೊಂದರೆ ದೊಡ್ಡದಾಗುವ ಮುನ್ನವೇ ಕೇಳಬೇಕು. ಮುಂದೆ ಹೇಳಿರುವ ಪ್ರತಿಯೊಂದು ಕೆಲಸಕ್ಕೂ ಈ ಮಾತು ಅನ್ವಯಿಸುತ್ತದೆ.

ಊರಿನಲ್ಲೇ ಮುಗಿಸಬೇಕಾದ ಕೆಲವು ಕೆಲಸಗಳಿವೆ. ಹಲ್ಲು ಮತ್ತು ಕಣ್ಣಿನ ತಪಾಸಣೆಯನ್ನು ಇಲ್ಲೇ ಮಾಡಿಸಿ, ಕನ್ನಡಕವಿದ್ದರೆ ಇನ್ನೊಂದು ಜೋಡಿ ಮಾಡಿಸಿಕೊಳ್ಳಿ, ಏಕೆಂದರೆ ಅಲ್ಲಿ ಇವೆರಡಕ್ಕೂ ಸಾಮಾನ್ಯವಾಗಿ ಬೇರೆಯಾಗಿ ಹಣ ತೆರಬೇಕಾಗುತ್ತದೆ. ದಿನವೂ ನುಂಗುವ ಮಾತ್ರೆಗಳಿದ್ದರೆ ಔಷಧದ ಮೂಲ ಹೆಸರಿರುವ ವೈದ್ಯರ ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಕೈಚೀಲದಲ್ಲಿ ಇಟ್ಟುಕೊಳ್ಳಿ. ಭಾರತದಿಂದ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯಲು ಅಲ್ಲಿ ಅನುಮತಿ ಇಲ್ಲದಿರುವುದರಿಂದ ಅಮ್ಮ ಎಷ್ಟೇ ಒತ್ತಾಯಿಸಿದರೂ ತುಪ್ಪ, ಪೇಡ, ಮೈಸೂರು ಪಾಕುಗಳನ್ನು ಪೆಟ್ಟಿಗೆಗೆ ಹಾಕಬೇಡಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮತ್ತು ಮೊಹರಾದ ಪೊಟ್ಟಣದಲ್ಲಿರುವ ಕಾಫಿಪುಡಿಯನ್ನು ಒಯ್ಯಬಹುದು. ಚಿಕೋರಿ ಬೆರೆತ ನಮ್ಮ ಕಾಫಿಪುಡಿ ಅಲ್ಲಿನ ಸಾಮಾನ್ಯ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಆದ್ದರಿಂದ ಪುಡಿಯ ಜೊತೆಗೆ ಒಂದು ಸಣ್ಣ ಸ್ಟೀಲ್ ಫಿಲ್ಟರ್ ಇರಲಿ. ದಪ್ಪ ಸ್ವೆಟರುಗಳನ್ನು ಇಲ್ಲಿಂದ ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲ. ಆಕ್ಸ್‌ಫಾಮ್, ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನಂತಹ ದತ್ತಿ ಸಂಸ್ಥೆಗಳು ನಡೆಸುವ ಅಂಗಡಿಗಳಲ್ಲಿ ಒಳ್ಳೆಯ ಕೋಟು, ಪಾತ್ರೆ, ಟೇಬಲ್ ದೀಪಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ದೊರೆಯುತ್ತವೆ.

ವೀಸಾ ಈಗ ಕಾರ್ಡಿನ ರೂಪದಲ್ಲಿಲ್ಲ, ಇ-ವೀಸಾ ಆಗಿದೆ. ಸರ್ಕಾರದ ಜಾಲತಾಣದಲ್ಲಿ ನಿಮ್ಮ ಖಾತೆ ತೆರೆದು, ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿ ಜೋಡಣೆಯಾಗಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಮನೆ ಬಾಡಿಗೆಗೆ ಕೊಡುವವರಿಗೂ ಕೆಲಸ ಕೊಡುವವರಿಗೂ ನಿಮ್ಮ ವೀಸಾವನ್ನು ಪರಿಶೀಲಿಸಿಕೊಳ್ಳಲು ಆ ಖಾತೆಯಿಂದ ಪಡೆದ ಶೇರ್ ಕೋಡ್ ಎಂಬ ಸಂಕೇತವನ್ನು ಕೊಡಬೇಕಾಗುತ್ತದೆ. ತಲುಪಿದ ಮೊದಲ ವಾರದಲ್ಲಿ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿ, ನೀವು ಪೂರ್ಣಾವಧಿ ವಿದ್ಯಾರ್ಥಿ ಎಂಬ ಪತ್ರವನ್ನು ವಿಳಾಸದೊಂದಿಗೆ ಪಡೆಯಿರಿ. ಬ್ಯಾಂಕ್ ಖಾತೆ ತೆರೆಯಲು ಅದೇ ಬೇಕು. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆ ಇಲ್ಲ, ಆ ವಿನಾಯಿತಿಗೂ ಇದೇ ಪತ್ರ ಆಧಾರ. ತೆರಿಗೆಯ ನೋಟಿಸ್ ಬಂದರೆ ಸುಮ್ಮನಿರದೆ ಪತ್ರದ ಪ್ರತಿಯನ್ನು ಸ್ಥಳೀಯ ಕೌನ್ಸಿಲ್‌ಗೆ ಕಳುಹಿಸಿಬಿಡಿ.

ಅದೇ ವಾರದಲ್ಲಿ ಮಾಡಲೇಬೇಕಾದ ಇನ್ನೊಂದು ಕೆಲಸವೆಂದರೆ ಹತ್ತಿರದ ಜಿ.ಪಿ. ಎಂಬ ಕುಟುಂಬ ವೈದ್ಯರ ಕ್ಲಿನಿಕ್‌ನಲ್ಲಿ ನೋಂದಣಿ. ವೀಸಾ ಅರ್ಜಿಯ ಜೊತೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್‌ನಂತೆ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ, ಆದ್ದರಿಂದ ಎನ್.ಎಚ್.ಎಸ್. ಎಂಬ ಸರ್ಕಾರಿ ಆರೋಗ್ಯ ಸೇವೆಯ ವೈದ್ಯರನ್ನು ಕಾಣಲು ಮತ್ತೆ ಹಣ ಕೊಡಬೇಕಾಗಿಲ್ಲ. ಹಾಸನದಲ್ಲಿ ಜ್ವರ ಬಂದರೆ ಸಂಜೆ ಕ್ಲಿನಿಕ್‌ಗೆ ಹೋಗಿ ಟೋಕನ್ ಪಡೆದು ಕುಳಿತರಾಯಿತು. ಅಲ್ಲಿ ಸಮಯ ನಿಗದಿಯಾಗದೆ ವೈದ್ಯರು ಸಿಗುವುದಿಲ್ಲ, ಕಾಯಿಲೆ ಬಿದ್ದ ದಿನವೇ ನೋಂದಣಿಗೆ ಓಡಾಡುವ ಶಕ್ತಿಯೂ ಇರುವುದಿಲ್ಲ. ನೆಗಡಿ, ಗಂಟಲುನೋವಿಗೆ ಮೊದಲು ಔಷಧದ ಅಂಗಡಿಯ ಫಾರ್ಮಸಿಸ್ಟ್ ಅವರನ್ನೇ ಕೇಳಿ, ಅವರು ಸಲಹೆ ಕೊಡಲು ಅರ್ಹರು. ಆಂಟಿಬಯಾಟಿಕ್ ಮಾತ್ರೆಯನ್ನು ನಾವಾಗಿ ಕೇಳಿ ಕೊಳ್ಳಲು ಆಗುವುದಿಲ್ಲ, ಸಾಮಾನ್ಯ ನೆಗಡಿಗೆ ವೈದ್ಯರು ಅದನ್ನು ಬರೆಯುವುದೂ ಇಲ್ಲ. ರಾತ್ರಿ ಹೊತ್ತು ಗೊಂದಲವಾದರೆ 111ಕ್ಕೆ, ಜೀವಕ್ಕೆ ಅಪಾಯವೆನಿಸಿದರೆ 999ಕ್ಕೆ ಕರೆ ಮಾಡಿ.

ನಮ್ಮ ಫ್ಲಾಟ್‌ನಲ್ಲಿ ಅಮೆರಿಕದ ಒಬ್ಬ ಹುಡುಗಿ ಇದ್ದಳು. ಆಕೆಯ ಪರದಾಟವನ್ನು ನೋಡಿದ ಮೇಲೆಯೇ ನಮಗೆ ಎಷ್ಟೊಂದು ಸಂಗತಿಗಳು ಮೊದಲೇ ಗೊತ್ತಿವೆ ಎಂಬುದು ನನಗೆ ಅರಿವಾಯಿತು. ರಸ್ತೆ ದಾಟುವಾಗ ಆಕೆ ತಪ್ಪು ದಿಕ್ಕಿಗೆ ನೋಡುತ್ತಿದ್ದಳು, ನಮಗೋ ಎಡಬದಿಯ ಸಂಚಾರ ಹುಟ್ಟಿನಿಂದ ಬಂದದ್ದು. ಗ್ರೌಂಡ್ ಫ್ಲೋರ್ ಆದ ಮೇಲೆ ಮೊದಲ ಮಹಡಿ ಎಂಬ ಎಣಿಕೆ, ದಿನಾಂಕದಲ್ಲಿ ದಿನ ಮೊದಲು ತಿಂಗಳು ಆಮೇಲೆ ಎಂಬ ಕ್ರಮ, ಹಾಲು ಹಾಕಿದ ಚಹಾ ಇವೆಲ್ಲ ನಮ್ಮವೇ. ಆಕೆಯ ಊರಿನ ವಿದ್ಯುತ್ 120 ವೋಲ್ಟ್ ಆದ್ದರಿಂದ ತಂದಿದ್ದ ಹೇರ್ ಡ್ರೈಯರ್ ಅಲ್ಲಿ ಕೆಲಸಕ್ಕೆ ಬರಲಿಲ್ಲ. ನಮ್ಮ ಉಪಕರಣಗಳು 230 ವೋಲ್ಟಿನವೇ ಆಗಿರುವುದರಿಂದ ಮೂರು ಚಪ್ಪಟೆ ಪಿನ್ನುಗಳ ಅಡಾಪ್ಟರ್ ಒಂದಿದ್ದರೆ ಸಾಕು. ಆದರೆ ಒಂದು ವಿಷಯದಲ್ಲಿ ಆಕೆ ನಮ್ಮೆಲ್ಲರಿಗಿಂತ ಮುಂದಿದ್ದಳು: ಮೊದಲ ವಾರ ಮುಗಿಯುವಷ್ಟರಲ್ಲಿ ತನ್ನ ಪ್ರಾಧ್ಯಾಪಕರಿಗೆ ಮೂರು ಸಾಲಿನ ಇಮೇಲ್ ಬರೆದು, ಭೇಟಿಗೆ ಸಮಯ ಪಡೆದು, ಓದಬೇಕಾದ ಪುಸ್ತಕಗಳ ಪಟ್ಟಿಯಲ್ಲಿ ಯಾವುದರಿಂದ ಆರಂಭಿಸಬೇಕೆಂದು ಕೇಳಿಕೊಂಡು ಬಂದಿದ್ದಳು. ನಮ್ಮ ಕಾಲೇಜುಗಳಲ್ಲಿ ಓದಿದವರು ಗುರುಗಳಿಗೆ ತೊಂದರೆ ಕೊಡಬಾರದೆಂದು ಹಿಂಜರಿಯುತ್ತಾರೆ. ಅದು ಗೌರವದಿಂದ ಬಂದ ಹಿಂಜರಿಕೆ, ನನಗೆ ಅರ್ಥವಾಗುತ್ತದೆ. ಆದರೂ ಅಲ್ಲಿ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗಾಗಿಯೇ ವಾರದಲ್ಲಿ ಇಂತಿಷ್ಟು ಗಂಟೆ ಎಂದು ಮೀಸಲಿಟ್ಟಿರುತ್ತಾರೆ, ಆ ಹೊತ್ತಿನಲ್ಲಿ ಹೋಗುವುದು ನಿಮ್ಮ ಹಕ್ಕು. ಅವರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿನ ರೂಢಿ. ನಾಲಿಗೆ ಒಪ್ಪದಿದ್ದರೆ ಮೊದಲ ಪತ್ರದಲ್ಲಿ ಡಾಕ್ಟರ್ ಅಥವಾ ಪ್ರೊಫೆಸರ್ ಎಂದು ಬರೆದು, ಅವರು ಉತ್ತರದ ಕೊನೆಯಲ್ಲಿ ಹೇಗೆ ಸಹಿ ಮಾಡುತ್ತಾರೋ ಮುಂದೆ ಹಾಗೆಯೇ ಸಂಬೋಧಿಸಿ.

ಅಂಕಗಳ ವಿಷಯವನ್ನು ತಂದೆತಾಯಿಗಳಿಗೂ ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲಿ 85, 90 ಪಡೆದವರಿಗೆ ಅಲ್ಲಿ 62 ಬಂದಾಗ ಎದೆ ಒಡೆಯುತ್ತದೆ. ಆದರೆ ಅಲ್ಲಿನ ಅಳತೆಯಲ್ಲಿ 70 ದಾಟಿದರೆ ಅತ್ಯುನ್ನತ ದರ್ಜೆ, 60ರ ಮೇಲಿನದು ಒಳ್ಳೆಯ ಅಂಕ, ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ 50 ಉತ್ತೀರ್ಣ. ಪುಸ್ತಕದಲ್ಲಿರುವುದನ್ನು ಚೆನ್ನಾಗಿ ಒಪ್ಪಿಸಿದರೆ ಸಾಲದು, ಅದನ್ನು ಪ್ರಶ್ನಿಸಿ ತೂಗಿ ನೋಡಿರಬೇಕು. ಬೇರೆಯವರ ಒಂದು ವಾಕ್ಯ ಬಳಸಿದರೂ ಮೂಲವನ್ನು ಹೇಳಲೇಬೇಕು, ಇಲ್ಲವಾದರೆ ಅದನ್ನು ಕೃತಿಚೌರ್ಯವೆಂದು ಪರಿಗಣಿಸುತ್ತಾರೆ. ಸಲ್ಲಿಕೆಯ ಗಡುವು ನಿಮಿಷದ ಲೆಕ್ಕದ್ದು. ಕಾಯಿಲೆಯಾದರೆ ಅಥವಾ ಊರಿನಲ್ಲಿ ಸಾವುನೋವಾದರೆ ಗಡುವಿಗೆ ಮೊದಲೇ ಅರ್ಜಿ ಸಲ್ಲಿಸಿ ಹೆಚ್ಚಿನ ಕಾಲಾವಕಾಶ ಕೇಳಿ. ಗಡುವು ಮುಗಿದ ಮೇಲೆ ಹೇಳುವ ಕಾರಣಕ್ಕೆ, ಅದು ಎಷ್ಟೇ ನಿಜವಾದರೂ, ಬೆಲೆ ಕಡಿಮೆ.

ಅಡುಗೆಮನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹೊಟ್ಟೆ ಸರಿಯಿದ್ದರೆ ಮನಸ್ಸು ಅರ್ಧ ಸರಿಯಿರುತ್ತದೆ. ಹಾಸ್ಟೆಲ್‌ಗಳಲ್ಲಿ ಐದಾರು ಜನಕ್ಕೆ ಒಂದು ಅಡುಗೆಮನೆ, ಅದರ ಸುತ್ತ ಹೊಗೆ ಮತ್ತು ಶಾಖ ಪತ್ತೆಮಾಡುವ ಉಪಕರಣಗಳು. ಮೆಣಸಿನಕಾಯಿ ಸುಟ್ಟ ಘಾಟು ಹೊರಗಿನ ಕಾರಿಡಾರ್‌ಗೆ ಹೋದರೆ ಇಡೀ ಕಟ್ಟಡದ ಗಂಟೆ ಹೊಡೆದುಕೊಂಡು, ನಡುರಾತ್ರಿಯಾದರೂ ಎಲ್ಲರೂ ಚಳಿಯಲ್ಲಿ ಹೊರಗೆ ನಿಲ್ಲಬೇಕಾಗುತ್ತದೆ. ಒಗ್ಗರಣೆ ಹಾಕುವ ಕ್ರಮ ಹೀಗಿರಲಿ: ಮೊದಲು ಒಲೆಯ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆದು, ಬಾಗಿಲನ್ನು ಮುಚ್ಚಿ, ಸಣ್ಣ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಯಲು ತೊಡಗಿದ ಕೂಡಲೇ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ, ಆಮೇಲೆ ಕರಿಬೇವು, ಕೊನೆಗೆ ಒಣಮೆಣಸಿನಕಾಯಿ ಹಾಕಿ ತಕ್ಷಣ ಸಾರಿಗೆ ಸುರಿಯಿರಿ. ವಿದ್ಯುತ್ ಒಲೆ ಆರಿಸಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ, ಅದರ ಮೇಲೆ ಬಾಣಲೆಯನ್ನು ಬಿಟ್ಟರೆ ಒಗ್ಗರಣೆ ಸೀದುಹೋಗುತ್ತದೆ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದೇ ಇಲ್ಲ, ಆದ್ದರಿಂದ ಕುಕ್ಕರ್ ಕೊಳ್ಳುವ ಮುನ್ನ ಒಲೆ ಎಂಥದ್ದೆಂದು ಹಾಸ್ಟೆಲ್ ಕಚೇರಿಗೆ ಬರೆದು ಕೇಳಿಕೊಳ್ಳಿ. ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟುಕೊಳ್ಳುವುದನ್ನು ಹೆಚ್ಚಿನ ಹಾಸ್ಟೆಲ್‌ಗಳು ಒಪ್ಪುವುದಿಲ್ಲ.

ಹಾಲಿನ ಬಾಟಲಿಗಳಲ್ಲಿ ನೀಲಿ ಮುಚ್ಚಳದ್ದು ಕೆನೆ ತೆಗೆಯದ ಹಾಲು, ಹಸಿರಿನದು ಅರ್ಧ ಕೆನೆ ತೆಗೆದದ್ದು, ಕೆಂಪಿನದು ಪೂರ್ತಿ ಕೆನೆ ತೆಗೆದದ್ದು. ಕಾಫಿಗೂ ಮೊಸರಿಗೂ ನೀಲಿಯೇ ಸರಿ. ಹೆಪ್ಪಿಗೆ ಸಕ್ಕರೆ ಬೆರೆಸದ ಸಾದಾ ಯೋಗರ್ಟ್ ಆಗುತ್ತದೆ. ಚಳಿಗಾಲದಲ್ಲಿ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಪಾತ್ರೆಗೆ ಟವೆಲ್ ಸುತ್ತಿ, ಆರಿಸಿದ ಓವನ್ ಒಳಗೆ ಇಟ್ಟರೆ ಬೆಳಗ್ಗೆಗೆ ಗಟ್ಟಿ ಮೊಸರು ಸಿದ್ಧ. ಲೆಸ್ಟರ್, ಬರ್ಮಿಂಗ್‌ಹ್ಯಾಮ್, ಲಂಡನ್‌ನ ವೆಂಬ್ಲಿ, ಈಸ್ಟ್ ಹ್ಯಾಮ್‌ಗಳಲ್ಲಿ ಭಾರತೀಯ ಅಂಗಡಿಗಳು ಸಾಲುಸಾಲಾಗಿವೆ. ಸೋನಾ ಮಸೂರಿ ಅಕ್ಕಿ, ರಾಗಿಹಿಟ್ಟು, ತುರಿದು ಶೀತಲೀಕರಿಸಿದ ತೆಂಗಿನಕಾಯಿ ದೊರೆಯುತ್ತವೆ. ಅವರೆಕಾಳಿಲ್ಲದೆ ಚಳಿಗಾಲ ಕಳೆಯದ ಹಾಸನದವರು ಗುಜರಾತಿ ಅಂಗಡಿಗಳ ಫ್ರೀಜರ್‌ನಲ್ಲಿ ಪಾಪಡಿ ಲಿಲ್ವಾ ಎಂಬ ಹೆಸರಿನ ಪೊಟ್ಟಣ ಹುಡುಕಲಿ. ಸೊಗಡು ಸಿಗದು, ಸಾರಿಗೆ ಮಾತ್ರ ಮೋಸವಿಲ್ಲ. ದೊಡ್ಡ ಸೂಪರ್ ಮಾರ್ಕೆಟ್‌ಗಳು ಭಾನುವಾರ ಕಾನೂನಿನ ಪ್ರಕಾರ ಆರು ಗಂಟೆ ಮಾತ್ರ ತೆರೆದಿರುತ್ತವೆ, ಹಾಗಾಗಿ ವಾರದ ಸಾಮಾನನ್ನು ಶನಿವಾರವೇ ತಂದಿಟ್ಟುಕೊಳ್ಳಿ.

ಬಚ್ಚಲಿನಲ್ಲಿ ಷವರ್ ಜಾಗದ ಹೊರಗೆ ನೀರು ಹರಿದುಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ನೆಲಕ್ಕೆ ನೀರು ಚೆಲ್ಲಿದರೆ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಒಂದು ಪ್ಲಾಸ್ಟಿಕ್ ಚೊಂಬು ಇಟ್ಟುಕೊಂಡು ಎಚ್ಚರಿಕೆಯಿಂದ ಬಳಸಿ. ಒದ್ದೆ ಬಟ್ಟೆಯನ್ನು ಮುಚ್ಚಿದ ಕೋಣೆಯಲ್ಲಿ ಒಣಗಿಸಿದರೆ ಮಲೆನಾಡಿನ ಆಷಾಢದಂತೆಯೇ ಗೋಡೆಗೆ ಬೂಸ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅದರ ಖರ್ಚನ್ನು ಮುಂಗಡದಲ್ಲಿ ಹಿಡಿಯುವ ಸಂಭವವಿರುತ್ತದೆ. ಖಾಸಗಿ ಮನೆ ಹಿಡಿಯುವವರು ಒಳಗೆ ಕಾಲಿಡುವ ದಿನವೇ ಪ್ರತಿ ಗೋಡೆ, ಹಾಸಿಗೆ, ಒಲೆಯ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಿಡಬೇಕು. ಇಂಗ್ಲೆಂಡಿನಲ್ಲಿ ಸಾಮಾನ್ಯ ಬಾಡಿಗೆ ಮನೆಗಳ ಮುಂಗಡವು ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ, ಮತ್ತು ಅದನ್ನು ಮಾಲೀಕರು 30 ದಿನಗಳೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಡಬೇಕು. ಯಾವ ಯೋಜನೆ ಎಂದು ಬರಹದಲ್ಲಿ ಕೇಳಿ. ಮನೆಯನ್ನು ಕಣ್ಣಾರೆ ನೋಡದೆ, ಊರಿನಿಂದಲೇ ಯಾರದೋ ಖಾತೆಗೆ ಹಣ ಕಳುಹಿಸುವುದನ್ನು ದಯವಿಟ್ಟು ಮಾಡಬೇಡಿ. ನೆಲ ಮಾರಿ, ತೋಟ ಅಡವಿಟ್ಟು ಹೊಂದಿಸಿದ ಹಣ ಹೀಗೆ ಹೋದರೆ ಮರಳುವುದು ಬಹಳ ಕಷ್ಟ.

ಬಸ್ಸಿನಲ್ಲಿ ಕಂಡಕ್ಟರ್ ಇರುವುದಿಲ್ಲ. ನಿಲ್ದಾಣದಲ್ಲಿ ಕೈ ತೋರಿಸಬೇಕು, ಹತ್ತುವಾಗ ಚಾಲಕರ ಬಳಿಯ ಯಂತ್ರಕ್ಕೆ ಕಾರ್ಡ್ ತಾಗಿಸಬೇಕು, ಇಳಿಯುವ ಮುನ್ನ ಗುಂಡಿ ಒತ್ತಬೇಕು, ಇಳಿಯುವಾಗ ಚಾಲಕರಿಗೆ ಧನ್ಯವಾದ ಹೇಳುವುದು ಅನೇಕ ಊರುಗಳ ವಾಡಿಕೆ. ಲಂಡನ್ ಬಸ್ಸುಗಳಲ್ಲಿ 2014ರಿಂದ ನಗದು ತೆಗೆದುಕೊಳ್ಳುವುದಿಲ್ಲ. ರೈಲಿನ ದರ ಹೊರಡುವ ಹೊತ್ತಿಗೇ ಕೊಂಡರೆ ಗಾಬರಿ ಹುಟ್ಟಿಸುವಷ್ಟಿರುತ್ತದೆ. ಕೆಲವು ವಾರ ಮೊದಲೇ ಅಡ್ವಾನ್ಸ್ ಟಿಕೆಟ್ ಕೊಂಡು, 16-25 ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಬಳಸಿದರೆ ಮೂರನೇ ಒಂದು ಭಾಗ ಉಳಿಯುತ್ತದೆ, 26 ವರ್ಷ ತುಂಬಿದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ ಆ ಕಾರ್ಡ್ ಸಿಗುತ್ತದೆ.

ಅರೆಕಾಲಿಕ ಕೆಲಸ ಮಾಡುವವರು ಪದವಿ ವ್ಯಾಸಂಗದ ಅವಧಿಯಲ್ಲಿ ವಾರಕ್ಕೆ 20 ಗಂಟೆಯ ಮಿತಿಯನ್ನು ಮೀರಬಾರದು. ವಾರವನ್ನು ಸೋಮವಾರದಿಂದ ಭಾನುವಾರದವರೆಗೆ ಎಣಿಸುತ್ತಾರೆ, ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧ ಬರೆಯುವ ಬೇಸಿಗೆಯೂ ಸಾಮಾನ್ಯವಾಗಿ ವ್ಯಾಸಂಗದ ಅವಧಿಯೇ ಆಗಿರುತ್ತದೆ. ಎರಡು ಕಡೆ ದುಡಿದರೆ ಎರಡರ ಗಂಟೆಗಳೂ ಕೂಡುತ್ತವೆ. ನಗದು ಕೊಡುತ್ತೇವೆ, ಲೆಕ್ಕ ತೋರಿಸುವುದು ಬೇಡ ಎನ್ನುವವರನ್ನು ದೂರವಿಡಿ, ಸಿಕ್ಕಿಬಿದ್ದರೆ ವೀಸಾ ಕಳೆದುಕೊಳ್ಳುವವರು ನೀವು.

ಶೃಂಗೇರಿ, ಮೂಡಿಗೆರೆಯ ಮಳೆ ಕಂಡವರಿಗೆ ಇಂಗ್ಲೆಂಡಿನ ಮಳೆ ದೊಡ್ಡದಲ್ಲ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಾತ್ರ. ಗಾಳಿಗೆ ಕೊಡೆ ನಿಲ್ಲುವುದಿಲ್ಲವಾದ್ದರಿಂದ ಟೋಪಿಯಿರುವ ಜಾಕೆಟ್ ಬೇಕು. ನಿಜವಾಗಿ ಕುಗ್ಗಿಸುವುದು ಕತ್ತಲೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಬೆಳಕಿರುವಾಗಲೇ ಅರ್ಧ ಗಂಟೆ ಹೊರಗೆ ನಡೆಯಿರಿ. ಅಲ್ಲಿನ ಆರೋಗ್ಯ ಇಲಾಖೆ ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಹೇಳುತ್ತದೆ. ನಮ್ಮಂತಹ ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂಬುದು ಅವರದೇ ಸಲಹೆ. ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಹಾಸಿಗೆ ಬಿಟ್ಟೇಳಲು ಮನಸ್ಸಾಗದಿದ್ದರೆ ವಿಶ್ವವಿದ್ಯಾಲಯದ ಆಪ್ತಸಮಾಲೋಚಕರಿಗೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ, ಮನೆಗೆ ತಿಳಿಸುವುದಿಲ್ಲ. ಕನ್ನಡದ ಮಾತು ಬೇಕೆನಿಸಿದಾಗ ಯುಗಾದಿ, ದೀಪಾವಳಿಗೆ ಸೇರುವ ಕನ್ನಡ ಬಳಗ ಯುಕೆಯಂತಹ ಕೂಟಗಳಿವೆ. ಲಂಡನ್ನಿಗೆ ಹೋದವರು ಥೇಮ್ಸ್ ದಂಡೆಯಲ್ಲಿ, ಸಂಸತ್ ಭವನದ ಆಚೆ ದಡದಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಬಹುದು.

ಮನೆಗೆ ಫೋನ್ ಮಾಡುವ ಹೊತ್ತನ್ನು ನಿಗದಿ ಮಾಡಿಕೊಳ್ಳಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಐದೂವರೆ ಗಂಟೆ ಮುಂದಿದ್ದರೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಕರೆ ಮಾಡಿದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ. ಎರಡೂ ಕಾಲಕ್ಕೆ ಅಪ್ಪ ಅಮ್ಮ ಎದ್ದೇ ಇರುತ್ತಾರೆ. ಗಡಿಯಾರ ಬದಲಾಗುವ ವಾರ ಕರೆ ಒಂದು ಗಂಟೆ ಹಿಂದುಮುಂದಾಗುವುದನ್ನು ಅವರಿಗೆ ಮೊದಲೇ ತಿಳಿಸಿರಿ.